ವಾಚಕರ ತೀರ್ಪು

ಒಂದು ಗ್ರಂಥದ ಯೋಗ್ಯಾಯೋಗ್ಯತೆಗಳನ್ನು ನಿರ್ಣಯಿಸತಕ್ಕವರು ಯಾರು? ಅದನ್ನು ಬರೆದ ಗ್ರಂಥಕರ್ತರೋ, ಅಚ್ಚು ಹಾಕಿಸಿದ ಪ್ರಕಾಶಕರೋ, ಶಾಸ್ತ್ರಗಳಲ್ಲಿ ಪಳಗಿದ ಪಂಡಿತರೋ, ಇಲ್ಲವೆ ಹಗಲಿನ ಕೆಲಸವೆಲ್ಲ ತೀರಿದ ಮೇಲೆ ದೀಪದ ಮುಂದೆ ಕುಳಿತು ಅದನ್ನು ಓದಿ ಮುಗಿಸಿದ ಸಾಮಾನ್ಯ ವಾಚಕರೋ? ಅಡಿಗೆಯ ರುಚಿಯನ್ನು ಉಂಡವರು ಹೇಳಬೇಕಲ್ಲದೆ ಬಡಿಸಿದವರೇ ಹೇಳಿಕೊಂಡರೆ ಸಾಲದೆಂಬುದು ಲೋಕದ ಅನುಭವ. ಆದರೆ ಗ್ರಂಥಗಳ ವಿಷಯದಲ್ಲಿ ಈ ನ್ಯಾಯವು ಬಹುಕಾಲ ನಡೆಯಲಿಲ್ಲ. ಓದುವವರು ಸಾವಿರಾರು ಮಂದಿ. ಮಾತನಾಡುವವರು ಹತ್ತು ಮಂದಿ. ಉಳಿದವರು ಆ ಹತ್ತು ಮಂದಿಯ ಮಾತಿಗೆ ತಲೆದೂಗಿ ಸುಮ್ಮನಾಗುವುದೇ ವಾಡಿಕೆಯಾಗಿತ್ತು.

ಈ ವಾಡಿಕೆಯನ್ನು ಮೀರಿ ಸಾಮಾನ್ಯ ವಾಚಕರನ್ನೇ ನ್ಯಾಯಪೀಠದ ಮೇಲೆ ಕುಳ್ಳಿರಿಸುವ ಪ್ರಯತ್ನವು ಫ್ರಾನ್ಸ್ ದೇಶದಲ್ಲಿ ನಡೆದಿದೆ. ಅಲ್ಲಿ ಇಂಥ ಬಹುಮಾನಗಳು ಒಂದೆರಡಲ್ಲ. ಅವುಗಳಲ್ಲಿ ಒಂದಂತೂ ನಮ್ಮ ಈ ಸಂಚಿಕೆಯನ್ನು ಓದುವ ಹುಡುಗಿಯರ ವಯಸ್ಸಿನವರೇ ನಿರ್ಣಾಯಕರಾಗಿ ಕೊಡತಕ್ಕದ್ದು. ಅದರ ವೃತ್ತಾಂತವನ್ನು ತಿಳಿಸಿ, ಅದರ ಗುಣದೋಷಗಳನ್ನು ತೂಗಿ, ನಮ್ಮ ಅಭಿಪ್ರಾಯವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಪಂಡಿತರ ಬಹುಮಾನದ ಸಂಗತಿಯನ್ನು ಹೇಳಬೇಕು. ಎದ್ಮೋಂ ದ ಗೊಂಕೂರ್ ಎಂಬ ಫ್ರೆಂಚ್ ಗ್ರಂಥಕರ್ತರು 1896ರಲ್ಲಿ ತೀರಿಕೊಂಡರು. ತಮ್ಮ ಆಸ್ತಿಯಿಂದ ಹತ್ತು ಮಂದಿ ಸಾಹಿತಿಗಳ ಒಂದು ಮಂಡಲಿಯನ್ನು ಸ್ಥಾಪಿಸಬೇಕೆಂದೂ, ಆ ಮಂಡಲಿಯು ಪ್ರತಿ ವರ್ಷವೂ ಒಂದು ಉತ್ತಮ ಗದ್ಯಗ್ರಂಥಕ್ಕೆ ಬಹುಮಾನ ಕೊಡಬೇಕೆಂದೂ ಅವರು ಮರಣಶಾಸನದಲ್ಲಿ ಬರೆದಿಟ್ಟಿದ್ದರು. ದಾಯಾದಿಗಳು ವ್ಯಾಜ್ಯ ಹೂಡಿದುದರಿಂದ ಕೆಲವು ವರ್ಷಗಳು ಕಳೆದುಹೋಗಿ, 1903ರಲ್ಲಿ ಮೊದಲನೆಯ ಬಹುಮಾನವು ಸಂದಿತು. ಆಗ ಅದರ ಮೊತ್ತ 5000 ಫ್ರಾಂಕುಗಳು; ಈಗ ಕೊಡುವುದು ಕೇವಲ 10 ಯೂರೋಗಳ ಚೆಕ್ಕು. ಆದರೂ ಅದಕ್ಕಾಗಿ ಗ್ರಂಥಕರ್ತರು ಹಂಬಲಿಸುವುದು ತಪ್ಪಿಲ್ಲ. ಏಕೆಂದರೆ ಗೊಂಕೂರ್ ಬಹುಮಾನ ಬಂದಿತೆಂದು ಪತ್ರಿಕೆಗಳಲ್ಲಿ ಪ್ರಕಟವಾದರೆ ಸಾಕು, ಆ ಗ್ರಂಥದ ಪ್ರತಿಗಳು ಲಕ್ಷಗಟ್ಟಲೆ ಮಾರಾಟವಾಗುತ್ತವೆ. 1914ರಿಂದ ಈಚೆಗೆ ಮಂಡಲಿಯ ಸದಸ್ಯರು ಪ್ಯಾರಿಸ್ ಪಟ್ಟಣದ ದ್ರೂಆಂ ಎಂಬ ಭೋಜನಶಾಲೆಯಲ್ಲಿ ಸೇರಿ ತೀರ್ಪನ್ನು ಹೇಳುತ್ತಾರೆ.

ಪಂಡಿತರ ತೀರ್ಪನ್ನು ಹೀಯಾಳಿಸುವುದು ನಮ್ಮ ಉದ್ದೇಶವಲ್ಲ. 1919ರಲ್ಲಿ ಈ ಮಂಡಲಿಯು ಮಾರ್ಸೆಲ್ ಪ್ರೂಸ್ತರ ಕಾದಂಬರಿಯನ್ನು ನಾಲ್ಕರ ವಿರುದ್ಧ ಆರು ಮತಗಳಿಂದ ಆರಿಸಿತು. ಮಹಾಯುದ್ಧವು ಆಗತಾನೆ ಮುಗಿದಿತ್ತು. ಸೈನಿಕರ ಪಾಡನ್ನು ವರ್ಣಿಸಿದ ರೋಲಾಂ ದೋರ್ಜೆಲೆಸ್ ಎಂಬವರ ಕೃತಿಯು ಜನರ ಮನಸ್ಸನ್ನು ಕರಗಿಸಿದ್ದ ಸಮಯವದು. ಅಂಥ ಹೊತ್ತಿನಲ್ಲಿ ಪ್ರೂಸ್ತರ ನಿಧಾನಗತಿಯ, ಅಂತರಂಗದ ಬರವಣಿಗೆಯನ್ನು ಆರಿಸಿದ್ದು ಧೈರ್ಯದ ಕಾರ್ಯವೇ ಸರಿ. ಆದರೆ ಇದೇ ಮಂಡಲಿಯು 1932ರಲ್ಲಿ ಸೆಲೀನ್ ಎಂಬವರ ಮೊದಲ ಕಾದಂಬರಿಯನ್ನು ಬಿಟ್ಟು ಗೀ ಮಾಜ್ಲೀನ್ ಎಂಬವರಿಗೆ ಬಹುಮಾನವನ್ನಿತ್ತಿತು. ಸೆಲೀನರ ಆ ಕೃತಿಯು ಇಂದಿಗೂ ಚರ್ಚೆಯ ವಸ್ತುವಾಗಿದೆ. ಬಹುಮಾನ ಪಡೆದ ಕೃತಿಯನ್ನು ಕೇಳುವವರು ವಿರಳ. 2022ರಲ್ಲಿ ಹತ್ತು ಮಂದಿಯೂ ಐದೈದಾಗಿ ಒಡೆದು, ಹದಿನಾಲ್ಕನೆಯ ಸುತ್ತಿನ ಮತದಾನದ ತನಕ ಹೋಗಿ, ಕೊನೆಗೆ ಅಧ್ಯಕ್ಷರ ಹೆಚ್ಚಿನ ಮತದಿಂದ ನಿರ್ಣಯವಾಯಿತು. ಗ್ರಂಥದ ಬೆಲೆಯನ್ನು ತೂಗುವ ತಕ್ಕಡಿಯು ಪಂಡಿತರ ಕೈಯಲ್ಲಿಯೂ ಅಲುಗಾಡುವುದುಂಟೆಂಬುದಕ್ಕೆ ಇಷ್ಟೇ ಸಾಕ್ಷಿ ಸಾಕು.

ಇದಲ್ಲದೆ ಮತ್ತೊಂದು ಆಕ್ಷೇಪವೂ ಬಹುಕಾಲದಿಂದ ಇತ್ತು. ಸದಸ್ಯರು ತಾವೇ ಗ್ರಂಥಕರ್ತರು. ಅವರ ಗ್ರಂಥಗಳನ್ನು ಪ್ರಕಟಿಸುವ ಸಂಸ್ಥೆಗಳೇ ಬಹುಮಾನಕ್ಕೂ ಸ್ಪರ್ಧಿಸುತ್ತವೆ. ಗಾಲಿಮಾರ್, ಗ್ರಾಸೆ, ಸೆಯ್ ಎಂಬ ಮೂರು ದೊಡ್ಡ ಪ್ರಕಾಶನ ಸಂಸ್ಥೆಗಳಿಗೇ ಬಹುಮಾನಗಳು ಮತ್ತೆ ಮತ್ತೆ ಸಲ್ಲುತ್ತಿದ್ದುದನ್ನು ಕಂಡು, ಪರಿಹಾಸಪ್ರಿಯರು ಆ ಮೂರು ಹೆಸರುಗಳನ್ನೂ ಕೂಡಿಸಿ ಒಂದೇ ಪದವನ್ನು ಕಟ್ಟಿದ್ದರು. 2021ರಲ್ಲಿ ಸದಸ್ಯರೊಬ್ಬರ ಜೀವನಸಂಗಾತಿಯ ಪುಸ್ತಕವು ಮೊದಲನೆಯ ಪಟ್ಟಿಯಲ್ಲಿ ಸೇರಿತ್ತೆಂದು ದೊಡ್ಡ ಗದ್ದಲವಾಗಿ, ಆಪ್ತರ ಕೃತಿಗಳನ್ನು ಇನ್ನು ಮುಂದೆ ಪರಿಗಣಿಸಕೂಡದೆಂದು ಮಂಡಲಿಯೇ ನಿಯಮ ಮಾಡಿಕೊಳ್ಳಬೇಕಾಯಿತು. ಬಲ್ಲವರಿಗೆ ಬಳಗವೂ ಇರುತ್ತದೆ. ಅದು ಅವರ ದೋಷವೆನ್ನುವುದಕ್ಕಿಂತ ಅವರು ಇರುವ ಸ್ಥಾನದ ದೋಷವೆಂದರೆ ಸಲ್ಲುವುದು.

ಇನ್ನು ಸ್ತ್ರೀಯರ ಸಂಗತಿ. ಗೊಂಕೂರ್ ಮಂಡಲಿಯು ಆರಂಭವಾದಾಗ ಅದರ ಹತ್ತು ಆಸನಗಳಲ್ಲಿ ಒಂದರಲ್ಲಿಯೂ ಸ್ತ್ರೀ ಇರಲಿಲ್ಲ. ಇದನ್ನು ಕಂಡು 1904ರಲ್ಲಿ ಒಂದು ಸ್ತ್ರೀಯರ ಪತ್ರಿಕೆಗೆ ಬರೆಯುತ್ತಿದ್ದ ಇಪ್ಪತ್ತೆರಡು ಮಂದಿ ಲೇಖಕಿಯರು ಕೂಡಿ, ಸ್ತ್ರೀಯರೇ ನಿರ್ಣಾಯಕರಾಗಿರುವ ಬೇರೊಂದು ಬಹುಮಾನವನ್ನು ಏರ್ಪಡಿಸಿದರು. ಅದೇ ಮುಂದೆ ಫೆಮಿನಾ ಬಹುಮಾನವೆಂದು ಹೆಸರಾಯಿತು. ಅವರು ಕೂಗಾಡಲಿಲ್ಲ, ತಮಗೂ ಒಂದು ಆಸನ ಕೊಡಿರೆಂದು ಬೇಡುತ್ತ ಕಾಯಲೂ ಇಲ್ಲ. ತಮ್ಮ ಮೇಜನ್ನು ತಾವೇ ಹಾಕಿಕೊಂಡು, ಪುರುಷರ ಗ್ರಂಥಗಳನ್ನೂ ಸ್ತ್ರೀಯರ ಗ್ರಂಥಗಳನ್ನೂ ಒಂದೇ ಸಮನಾಗಿ ಓದಿ ತೀರ್ಪು ಹೇಳತೊಡಗಿದರು. 1919ರಲ್ಲಿ ಗೊಂಕೂರ್ ಮಂಡಲಿಯು ಬಿಟ್ಟ ದೋರ್ಜೆಲೆಸರ ಯುದ್ಧದ ಕಾದಂಬರಿಗೆ ಬಹುಮಾನವಿತ್ತವರು ಈ ಸ್ತ್ರೀಯರೇ. ಗೊಂಕೂರ್ ಮಂಡಲಿಯು ತನ್ನ ಮೊದಲನೆಯ ಸ್ತ್ರೀ ಸದಸ್ಯೆಯನ್ನು ಆರಿಸಿಕೊಂಡದ್ದು 1910ರಲ್ಲಿ. ಅವರು ಜ್ಯೂದಿತ್ ಗೋತಿಯೇ.

ಇಲ್ಲಿ ಒಂದು ಸಂಗತಿಯನ್ನು ನಮ್ಮ ವಾಚಕಿಯರು ವಿಶೇಷವಾಗಿ ಲಕ್ಷಿಸಬೇಕು. ಫ್ರಾನ್ಸಿನ ಸ್ತ್ರೀಯರಿಗೆ ರಾಜ್ಯದ ಚುನಾವಣೆಗಳಲ್ಲಿ ಮತ ಕೊಡುವ ಹಕ್ಕು ದೊರೆತದ್ದು 1944ರಲ್ಲಿ. ಅವರು ಮೊದಲನೆಯ ಬಾರಿ ಮತ ಹಾಕಿದ್ದು 1945ರಲ್ಲಿ. ಎಂದರೆ, ಫೆಮಿನಾ ಬಹುಮಾನದ ನಿರ್ಣಾಯಕಿಯರು ನಾಲ್ವತ್ತು ವರ್ಷಗಳ ಕಾಲ ಗ್ರಂಥಗಳಿಗೆ ಮತ ಕೊಟ್ಟರೇ ಹೊರತು ತಮ್ಮ ಊರಿನ ಪುರಸಭೆಗೆ ಒಂದು ಮತವನ್ನು ಕೊಡಲಾರದವರಾಗಿದ್ದರು. ಅದೇ 1945ರಲ್ಲಿ ಎಲ್ಸಾ ತ್ರಿಯೋಲೆ ಎಂಬ ಲೇಖಕಿಗೆ ಗೊಂಕೂರ್ ಬಹುಮಾನವು ಸಂದಿತು. ಆ ಬಹುಮಾನವನ್ನು ಪಡೆದ ಸ್ತ್ರೀಯರಲ್ಲಿ ಅವರೇ ಮೊದಲಿಗರು. ಅಲ್ಲಿಂದ 2022ರ ವರೆಗೆ ಲೆಕ್ಕ ಹಾಕಿದರೂ ಆ ಬಹುಮಾನ ಪಡೆದ ಸ್ತ್ರೀಯರು ಹದಿಮೂರೇ ಮಂದಿ. ತೀರ್ಪು ಹೇಳುವ ಅಭ್ಯಾಸವು ಹಕ್ಕು ಬಂದ ಮೇಲೆ ಕಲಿಯತಕ್ಕದ್ದಲ್ಲ. ಹಕ್ಕಿಗಿಂತ ಮುಂಚೆಯೇ ಬೆಳೆಸಿಕೊಳ್ಳತಕ್ಕದ್ದೆಂದು ಈ ಚರಿತ್ರೆಯಿಂದ ನಾವು ಕಲಿಯುತ್ತೇವೆ.

ಫೆಮಿನಾ ಬಹುಮಾನದ ಸ್ತ್ರೀಯರಾದರೂ ಲೇಖಕಿಯರೇ. ಸಾಮಾನ್ಯ ವಾಚಕರ ಸರದಿ ಇನ್ನೂ ಬಂದಿರಲಿಲ್ಲ. 1970ರಲ್ಲಿ ‘ಎಲ್’ ಎಂಬ ಸ್ತ್ರೀಯರ ಪತ್ರಿಕೆಯು ತನ್ನ ವಾಚಕಿಯರಿಂದಲೇ ತೀರ್ಪು ಹೇಳಿಸುವ ಬಹುಮಾನವನ್ನು ಆರಂಭಿಸಿತು. 1975ರಲ್ಲಿ ‘ಫ್ರಾನ್ಸ್ ಅಂತೇರ್’ ಎಂಬ ಸಾರ್ವಜನಿಕ ರೇಡಿಯೋ ನಿಲಯವು ‘ಲೀವ್ರ್ ಅಂತೇರ್’ ಎಂಬ ಬಹುಮಾನವನ್ನು ಸ್ಥಾಪಿಸಿತು. ಇದರ ಕ್ರಮವು ಹೀಗಿದೆ: ನಿರ್ಣಾಯಕರಾಗಬೇಕೆಂದು ಬಯಸುವ ಶ್ರೋತೃಗಳು ತಮ್ಮ ಓದಿನ ವಿಷಯವಾಗಿ ನಿಲಯಕ್ಕೆ ಒಂದು ಪತ್ರವನ್ನು ಬರೆಯಬೇಕು. ಬಂದ ಸಾವಿರಾರು ಪತ್ರಗಳಿಂದ ಹನ್ನೆರಡು ಮಂದಿ ಪುರುಷರನ್ನೂ ಹನ್ನೆರಡು ಮಂದಿ ಸ್ತ್ರೀಯರನ್ನೂ ಆರಿಸುತ್ತಾರೆ. ದೇಶದ ಬೇರೆ ಬೇರೆ ಮೂಲೆಗಳಲ್ಲಿ ಬೇರೆ ಬೇರೆ ಕಸುಬುಗಳನ್ನು ಮಾಡಿಕೊಂಡಿರುವವರು ಅವರು. ವಿಮರ್ಶಕರು ಆರಿಸಿಕೊಟ್ಟ ಹತ್ತು ಗ್ರಂಥಗಳನ್ನು ಅವರೆಲ್ಲರೂ ಓದಿ, ಒಬ್ಬ ಗ್ರಂಥಕರ್ತರ ಅಧ್ಯಕ್ಷತೆಯಲ್ಲಿ ಕೂಡಿ ಚರ್ಚಿಸಿ, ಒಂದನ್ನು ಆರಿಸುತ್ತಾರೆ. ಇಲ್ಲಿ ಯೋಗ್ಯತೆಯ ಪರೀಕ್ಷೆಯೆಂದರೆ ಪದವಿಯಲ್ಲ, ಹೆಸರಲ್ಲ. ತಾನು ಹೇಗೆ ಓದುತ್ತೇನೆಂದು ಪ್ರಾಮಾಣಿಕವಾಗಿ ಬರೆದ ಒಂದು ಕಾಗದ. ಇದು ನಮಗೆ ಬಹಳ ಹಿಡಿಸಿತು.

ಈಗ ನಾವು ಮುಖ್ಯವಾಗಿ ಹೇಳಬೇಕೆಂದಿರುವ ಬಹುಮಾನಕ್ಕೆ ಬರೋಣ. 1988ರಲ್ಲಿ ಬ್ರಿಟನಿ ಪ್ರಾಂತದ ರೆನ್ ಪಟ್ಟಣದಲ್ಲಿ, ಅಲ್ಲಿನ ವಿದ್ಯಾ ಇಲಾಖೆಯವರೂ ಫ್ನಾಕ್ ಎಂಬ ಪುಸ್ತಕ ವ್ಯಾಪಾರದ ಸಂಸ್ಥೆಯವರೂ ಗೊಂಕೂರ್ ಮಂಡಲಿಯ ಒಪ್ಪಿಗೆಯನ್ನು ಪಡೆದು ಹೈಸ್ಕೂಲ್ ವಿದ್ಯಾರ್ಥಿಗಳ ಗೊಂಕೂರ್ ಬಹುಮಾನವನ್ನು ಆರಂಭಿಸಿದರು. ಫ್ರಾನ್ಸಿನಲ್ಲಿ ಹದಿನೈದರಿಂದ ಹದಿನೆಂಟು ವರ್ಷದವರು ಓದುವ ಶಾಲೆಗೆ ಲಿಸೆ ಎಂದು ಹೆಸರು. ಸೆಪ್ಟೆಂಬರ್ ತಿಂಗಳಲ್ಲಿ ಗೊಂಕೂರ್ ಮಂಡಲಿಯು ಸುಮಾರು ಹದಿನೈದು ಕಾದಂಬರಿಗಳ ಮೊದಲನೆಯ ಪಟ್ಟಿಯನ್ನು ಪ್ರಕಟಿಸುತ್ತಲೇ, ಆ ಗ್ರಂಥಗಳ ಪ್ರತಿಗಳು ದೇಶದ ನಾನಾ ಕಡೆಯ ಲಿಸೆಗಳಿಗೆ ಹೋಗಿ ಸೇರುತ್ತವೆ. ಸುಮಾರು 2000 ವಿದ್ಯಾರ್ಥಿ ವಿದ್ಯಾರ್ಥಿನಿಯರು ಎರಡು ತಿಂಗಳೊಳಗಾಗಿ ಅವುಗಳನ್ನು ಓದಿ ಚರ್ಚಿಸುತ್ತಾರೆ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಜಾಣರಾದ ನಾಲ್ಕು ಮಂದಿಯನ್ನು ಶಾಲೆಯಿಂದ ಹೆಕ್ಕಿ ತೆಗೆಯುವುದಿಲ್ಲ. ಒಂದು ತರಗತಿಯನ್ನೇ ಇಡಿಯಾಗಿ ತೆಗೆದುಕೊಳ್ಳುತ್ತಾರೆ. ಸಾಹಿತ್ಯದ ತರಗತಿಗಳು ಮಾತ್ರವಲ್ಲ, ಕೈಗಾರಿಕೆಯ ವಿದ್ಯೆಯನ್ನೂ ವ್ಯವಸಾಯದ ವಿದ್ಯೆಯನ್ನೂ ಕಲಿಯುವ ತರಗತಿಗಳೂ ಇದರಲ್ಲಿ ಸೇರಿವೆ. ಪುಸ್ತಕವೆಂದರೆ ಹಿಂಜರಿಯುವ ಹುಡುಗನೂ, ಓದುವುದೇ ಪ್ರಾಣವೆನ್ನುವ ಹುಡುಗಿಯೂ ಒಂದೇ ಬೆಂಚಿನ ಮೇಲೆ ಕುಳಿತು ಒಂದೇ ಗ್ರಂಥದ ಮೇಲೆ ವಾದಿಸಬೇಕು. ಗ್ರಂಥಕರ್ತರು ಊರಿಂದೂರಿಗೆ ಬಂದು ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾರೆ. ಆಮೇಲೆ ಪ್ರತಿಯೊಂದು ತರಗತಿಯೂ ತನಗೆ ಮೆಚ್ಚಿಗೆಯಾದ ಗ್ರಂಥಗಳನ್ನು ಗೊತ್ತುಮಾಡಿ, ತನ್ನ ಪರವಾಗಿ ಮಾತನಾಡಲು ಒಬ್ಬ ಪ್ರತಿನಿಧಿಯನ್ನು ಚುನಾಯಿಸುತ್ತದೆ. ಪ್ರತಿನಿಧಿಗಳು ಮೊದಲು ತಮ್ಮ ಪ್ರಾಂತದ ಸಭೆಯಲ್ಲಿ ಸೇರುತ್ತಾರೆ. ಅಲ್ಲಿಂದ ಆರಿಸಿಬಂದವರು ಕೊನೆಯದಾಗಿ ರೆನ್ ಪಟ್ಟಣದಲ್ಲಿ ಸೇರಿ ಬಾಗಿಲು ಮುಚ್ಚಿಕೊಂಡು ನಿರ್ಣಯ ಮಾಡುತ್ತಾರೆ. ಆ ಕೊಠಡಿಯೊಳಗೆ ಉಪಾಧ್ಯಾಯರ ಮತಕ್ಕೆ ಎಡೆಯಿಲ್ಲ.

ಈ ಪದ್ಧತಿಯನ್ನು ಕೇಳಿದೊಡನೆ ಹಿರಿಯರು ಕೆಲವು ಆಕ್ಷೇಪಗಳನ್ನು ಎತ್ತುವುದು ಸಹಜ. ಅವುಗಳನ್ನು ಒಂದೊಂದಾಗಿ ವಿಚಾರಿಸೋಣ.

ಮೊದಲನೆಯದು, ಮೀಸೆ ಮೂಡದ ಹುಡುಗರಿಗೂ ಲೋಕ ಕಾಣದ ಹುಡುಗಿಯರಿಗೂ ಸಾಹಿತ್ಯದ ತಾರತಮ್ಯ ತಿಳಿಯುವುದೆಂತು? ಅವರು ಸುಲಭವಾದುದನ್ನೂ ತೆಳುವಾದುದನ್ನೂ ಆರಿಸಿಯಾರೆಂಬ ಭಯ. ಇದಕ್ಕೆ ಉತ್ತರವನ್ನು ತೀರ್ಪುಗಳಿಂದಲೇ ಕೊಡಬಹುದು. ಮೊದಲನೆಯ ವರ್ಷವಾದ 1988ರಲ್ಲಿ ವಿದ್ಯಾರ್ಥಿಗಳು ಎರಿಕ್ ಒರ್ಸೆನ್ನಾ ಎಂಬವರ ಕೃತಿಯನ್ನು ಆರಿಸಿದರು. ಗೊಂಕೂರ್ ಮಂಡಲಿಯ ಹಿರಿಯರೂ ಅದೇ ಕೃತಿಯನ್ನು ಆರಿಸಿದ್ದರು. 1995ರಲ್ಲಿ, ರಷ್ಯಾ ದೇಶದಲ್ಲಿ ಹುಟ್ಟಿ ಫ್ರೆಂಚ್ ಭಾಷೆಯಲ್ಲಿ ಬರೆದ ಆಂದ್ರೇ ಮಾಕೀನರ ವಿಷಯದಲ್ಲಿಯೂ ಹಿರಿಯರ ಮತ್ತು ಕಿರಿಯರ ಮತವು ಒಂದೇ ಆಯಿತು. ದಪ್ಪ ಪುಸ್ತಕವೆಂದರೆ ಹೆದರುವರೆಂಬುದೂ ನಿಜವಲ್ಲ. 2009ರಲ್ಲಿ ಆರಿಸಿದ ಗೆನಾಸ್ಸಿಯಾ ಎಂಬವರ ಕಾದಂಬರಿಗೂ 2012ರಲ್ಲಿ ಆರಿಸಿದ ಜೋಯೆಲ್ ದಿಕೇರರ ಕಾದಂಬರಿಗೂ 600ಕ್ಕೆ ಮಿಕ್ಕಿದ ಪುಟಗಳಿವೆ.

ಹಿರಿಯರ ಮತಕ್ಕಿಂತ ಕಿರಿಯರ ಮತವು ಭಿನ್ನವಾದ ವರ್ಷಗಳನ್ನು ನೋಡಿದರೆ ಇನ್ನೂ ಸ್ವಾರಸ್ಯವಾಗಿದೆ. 2017ರಲ್ಲಿ ವಿದ್ಯಾರ್ಥಿಗಳು ಆಲಿಸ್ ಜೆನಿತೇರ್ ಎಂಬ ಲೇಖಕಿಯ ಕಾದಂಬರಿಯನ್ನು ಆರಿಸಿದರು. ಅಲ್ಜೀರಿಯಾದ ಸ್ವಾತಂತ್ರ್ಯಯುದ್ಧದ ತರುವಾಯ ತಾಯ್ನಾಡನ್ನು ಬಿಟ್ಟು ಫ್ರಾನ್ಸಿಗೆ ಬಂದು ಸೇರಿದ ಒಂದು ಮನೆತನದ ಮೂರು ತಲೆಮಾರುಗಳ ಕಥೆಯದು. 2018ರಲ್ಲಿ ದಾವಿದ್ ದ್ಯೋಪ್ ಎಂಬವರ ಚಿಕ್ಕ ಕಾದಂಬರಿಯನ್ನು ಆರಿಸಿದರು. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ಪರವಾಗಿ ಕಾದಿದ ಸೆನೆಗಲ್ ದೇಶದ ಸಿಪಾಯಿಯೊಬ್ಬನ ಮಾತಾಗಿ ಅದನ್ನು ಬರೆದಿದೆ. ಈ ಎರಡು ವರ್ಷಗಳಲ್ಲಿಯೂ ಹಿರಿಯರು ಬೇರೆ ಗ್ರಂಥಗಳಿಗೆ ಬಹುಮಾನವನ್ನಿತ್ತಿದ್ದರು. ಆದರೆ ದ್ಯೋಪರ ಕೃತಿಯ ಇಂಗ್ಲಿಷ್ ಅನುವಾದಕ್ಕೆ 2021ರಲ್ಲಿ ಇಂಟರ್‌ನ್ಯಾಷನಲ್ ಬುಕರ್ ಬಹುಮಾನವೂ, ಜೆನಿತೇರರ ಕೃತಿಯ ಇಂಗ್ಲಿಷ್ ಅನುವಾದಕ್ಕೆ 2022ರಲ್ಲಿ ಡಬ್ಲಿನ್ ಪಟ್ಟಣದ ಸಾಹಿತ್ಯ ಬಹುಮಾನವೂ ದೊರೆತುವು. ಹದಿನೇಳು ವರ್ಷದವರು ಮೊದಲು ಕಂಡುಹಿಡಿದುದನ್ನು ಲೋಕವು ಕೆಲವು ವರ್ಷಗಳಾದ ಮೇಲೆ ಒಪ್ಪಿಕೊಂಡಿತು. ಇದರಿಂದ ಮಕ್ಕಳು ಹಿರಿಯರಿಗಿಂತ ಬುದ್ಧಿವಂತರೆಂದು ನಾವು ಹೇಳುವುದಿಲ್ಲ; ಅವರ ಮಾತನ್ನು ಕೇಳದೆ ತಳ್ಳಿಹಾಕುವುದಕ್ಕೆ ಕಾರಣವಿಲ್ಲವೆಂದಷ್ಟೇ ಹೇಳುತ್ತೇವೆ.

ಎರಡನೆಯ ಆಕ್ಷೇಪವು ಇದಕ್ಕಿಂತ ಬಲವಾದದ್ದು. ವಿದ್ಯಾರ್ಥಿಗಳು ಕೃತಿಯ ಕಲೆಯನ್ನು ನೋಡುವುದಿಲ್ಲ, ವಿಷಯದ ದುಃಖವನ್ನು ನೋಡಿ ಕರಗುತ್ತಾರೆಂದು ಕೆಲವರ ಮತ. ಇದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಬಹುಮಾನಿತ ಗ್ರಂಥಗಳ ಸಾಲನ್ನು ನೋಡಿದರೆ ಯುದ್ಧ, ಅನಾಥತ್ವ, ದೇಶಭ್ರಷ್ಟತೆ, ಬಾಲ್ಯದ ಸಂಕಟಗಳೇ ಮೇಲಿಂದ ಮೇಲೆ ಎದುರಾಗುತ್ತವೆ. 2000ದಲ್ಲಿ ಆರಿಸಿದ ಅಹ್ಮದು ಕುರುಮಾರ ಕಾದಂಬರಿಯು ಲೈಬೀರಿಯಾ ಮತ್ತು ಸಿಯೆರಾ ಲಿಯೋನ್ ದೇಶಗಳ ಯುದ್ಧಗಳಲ್ಲಿ ಬಂದೂಕು ಹಿಡಿದ ಒಬ್ಬ ಬಾಲಕನ ಕಥೆ. 2016ರಲ್ಲಿ ಆರಿಸಿದ ಗಾಯೆಲ್ ಫಾಯ್ ಎಂಬವರದು ಬುರುಂಡಿ ದೇಶದ ಬಾಲಕನೊಬ್ಬನ ಕಣ್ಣೆದುರಿಗೆ ಕಲಹದ ಬೆಂಕಿ ಹೊತ್ತಿಕೊಂಡ ಕಥೆ. ಕಣ್ಣೀರು ಬರಿಸಿದ್ದೆಲ್ಲ ಉತ್ತಮ ಸಾಹಿತ್ಯವಲ್ಲವೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಈ ದೋಷಕ್ಕೆ ಔಷಧವು ಅವರ ಬಾಯಿ ಮುಚ್ಚಿಸುವುದಲ್ಲ. ಏಕೆ ಎಂದು ಕೇಳುವುದು. ‘ಈ ಗ್ರಂಥವು ನನ್ನನ್ನು ಅಳಿಸಿತು’ ಎಂದ ಹುಡುಗಿಯನ್ನು, ‘ಯಾವ ಪುಟದಲ್ಲಿ? ಯಾವ ಮಾತಿನಿಂದ? ಅದೇ ಸಂಗತಿಯನ್ನು ಬೇರೊಬ್ಬರು ಹೇಳಿದ್ದರೆ ಅಳು ಬರುತ್ತಿತ್ತೆ?’ ಎಂದು ಪಕ್ಕದವಳು ಕೇಳಬೇಕು. ಆಗ ಅವಳು ಗ್ರಂಥವನ್ನು ಮತ್ತೆ ತೆರೆಯುತ್ತಾಳೆ. ವಿಮರ್ಶೆಯು ಹುಟ್ಟುವುದು ಆ ಎರಡನೆಯ ಸಲ ತೆರೆದಾಗ.

ಮೂರನೆಯದು, ಇದೆಲ್ಲವೂ ವ್ಯಾಪಾರದ ಉಪಾಯವೆಂಬುದು. ಪುಸ್ತಕ ಮಾರುವ ಸಂಸ್ಥೆಯೇ ಇದರಲ್ಲಿ ಪಾಲುಗೊಂಡಿರುವುದರಿಂದ ಈ ಶಂಕೆಯು ಹುಟ್ಟಿದೆ. ವಿದ್ಯಾರ್ಥಿಗಳ ಬಹುಮಾನ ಬಂದ ಕಾದಂಬರಿಯೂ ಅಪಾರವಾಗಿ ಮಾರಾಟವಾಗುವುದು ನಿಜ. ಅದರಿಂದ ಅಂಗಡಿಗೆ ಲಾಭವಾಗುವುದೂ ನಿಜ. ಅಲ್ಲದೆ, ಪಟ್ಟಿಯನ್ನು ಮಾಡುವವರು ಹಿರಿಯರೇ. ಅವರು ಹಾಕಿದ ಬೇಲಿಯೊಳಗೆ ಮಾತ್ರ ಕಿರಿಯರಿಗೆ ಸ್ವಾತಂತ್ರ್ಯ. ಇವೆರಡನ್ನೂ ನಾವು ಅಲ್ಲಗಳೆಯಲಾರೆವು. ಆದರೆ ವಿದ್ಯಾರ್ಥಿಯ ಲಾಭವು ಅಂಗಡಿಯ ಲಾಭದಿಂದ ಕಡಿಮೆಯಾಗುವುದಿಲ್ಲ. ಆ ವಿದ್ಯಾರ್ಥಿಯು ತಾನಾಗಿ ಎಂದೂ ಕೈಗೆತ್ತಿಕೊಳ್ಳದಿದ್ದ ಹತ್ತು ಹನ್ನೆರಡು ಗ್ರಂಥಗಳನ್ನು ಓದಿದನಲ್ಲ, ಅದು ಅವನದೇ ಆಗಿ ಉಳಿಯುತ್ತದೆ.

ಈ ಆಕ್ಷೇಪಗಳನ್ನೆಲ್ಲ ತೂಗಿ ನೋಡಿದ ಮೇಲೆ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇವೆ. ಸಾಮಾನ್ಯ ವಾಚಕರ ಬಹುಮಾನದ ಹೆಚ್ಚಳವು ಅದು ಒಳ್ಳೆಯ ಗ್ರಂಥವನ್ನು ಆರಿಸುತ್ತದೆಂಬುದರಲ್ಲಿಲ್ಲ. ಪಂಡಿತರಂತೆ ಸಾಮಾನ್ಯರೂ ತಪ್ಪುತ್ತಾರೆ. ಎರಡು ಸಾವಿರ ಮಂದಿ ಕೂಡಿ ತಪ್ಪಿದರೆ ತಪ್ಪು ಸರಿಯಾಗುವುದಿಲ್ಲ. ಅದರ ಹೆಚ್ಚಳವು ಅದು ಒಳ್ಳೆಯ ವಾಚಕರನ್ನು ಮಾಡುತ್ತದೆಂಬುದರಲ್ಲಿದೆ. ಬಹುಮಾನವು ಗ್ರಂಥಕರ್ತರಿಗೆ ಸಲ್ಲುವುದು ನಿಜ. ಅದರ ಫಲವು ನಿರ್ಣಾಯಕರಿಗೆ ಸಲ್ಲುತ್ತದೆ.

ಇದು ಹೇಗೆಂಬುದನ್ನು ಸ್ವಲ್ಪ ವಿವರಿಸಬೇಕು. ಫ್ರಾನ್ಸಿನಲ್ಲಿಯೇ ಉಪಾಧ್ಯಾಯರೂ ಕಾದಂಬರಿಕಾರರೂ ಆಗಿದ್ದ ದಾನಿಯೆಲ್ ಪೆನ್ನಾಕ್ ಎಂಬವರು 1992ರಲ್ಲಿ ಓದುವ ವಿಷಯವಾಗಿ ಒಂದು ಗ್ರಂಥವನ್ನು ಪ್ರಕಟಿಸಿ, ವಾಚಕರಿಗೆ ಹತ್ತು ಹಕ್ಕುಗಳುಂಟೆಂದು ಎಣಿಸಿ ಹೇಳಿದರು. ಓದದೆ ಇರುವ ಹಕ್ಕು ಅವುಗಳಲ್ಲಿ ಮೊದಲನೆಯದು. ಓದಿದುದರ ವಿಷಯವಾಗಿ ಸುಮ್ಮನಿರುವ ಹಕ್ಕು ಕೊನೆಯದು. ಪುಸ್ತಕವನ್ನು ಮುಗಿಸದೆ ಬಿಡುವ ಹಕ್ಕು ನಡುವೆ ಇದೆ. ವಿರಾಮಕ್ಕಾಗಿ ಓದುವವರಿಗೆ ಇವು ನ್ಯಾಯವಾದ ಹಕ್ಕುಗಳೇ. ಆದರೆ ತೀರ್ಪುಗಾರರ ಆಸನದಲ್ಲಿ ಕುಳಿತ ಹುಡುಗಿಯು ಈ ಮೂರು ಹಕ್ಕುಗಳನ್ನೂ ತಾನಾಗಿ ಬಿಟ್ಟುಕೊಡಬೇಕಾಗುತ್ತದೆ. ಹಿಡಿಸದ ಗ್ರಂಥವನ್ನೂ ಅವಳು ಕೊನೆಯ ಪುಟದ ವರೆಗೆ ಓದಬೇಕು. ಅರ್ಧ ಕೇಳಿ ತೀರ್ಪು ಹೇಳುವುದು ನ್ಯಾಯವಲ್ಲ. ಓದಿದ ಮೇಲೆ ಸುಮ್ಮನಿರಲೂ ಅವಳಿಗೆ ಅನುಮತಿಯಿಲ್ಲ. ಎದ್ದು ನಿಂತು ತನ್ನ ಮಾತನ್ನು ಹೇಳಬೇಕು, ಹೇಳಿದುದಕ್ಕೆ ಕಾರಣ ಕೊಡಬೇಕು. ಗೆಳತಿಯ ಕಾರಣವು ತನ್ನದಕ್ಕಿಂತ ಬಲವಾಗಿದ್ದರೆ ತನ್ನ ಮತವನ್ನು ತಿದ್ದಿಕೊಳ್ಳಬೇಕು; ಬಲವಾಗಿಲ್ಲದಿದ್ದರೆ ತಾನೊಬ್ಬಳೇ ಆದರೂ ನಿಲ್ಲಬೇಕು. ಈ ನಾಲ್ಕು ಕೆಲಸಗಳನ್ನು ಹದಿನಾರನೆಯ ವರ್ಷದಲ್ಲಿ ಒಂದು ಸಲವಾದರೂ ಮಾಡಿದವಳು ಅವುಗಳನ್ನು ಮರೆಯುವುದು ಕಷ್ಟ. ಗ್ರಂಥಗಳ ವಿಷಯದಲ್ಲಿ ಮಾತ್ರವಲ್ಲ, ಮುಂದೆ ಮನೆಯ ವಿಷಯದಲ್ಲಿ, ಊರಿನ ವಿಷಯದಲ್ಲಿ, ತನ್ನ ಬಾಳಿನ ವಿಷಯದಲ್ಲಿ ಮಾತು ಬಂದಾಗಲೂ ಅವು ಅವಳ ನೆರವಿಗೆ ಬರುತ್ತವೆ.

ಇದಕ್ಕೆ ಒಂದೇ ನಿದರ್ಶನವನ್ನು ಕೊಟ್ಟು ಮುಂದೆ ಹೋಗುತ್ತೇವೆ. 2020ರಲ್ಲಿ ವಿದ್ಯಾರ್ಥಿಗಳು ಆರಿಸಿದ ಗ್ರಂಥವು ಕ್ಯಾಮರೂನ್ ದೇಶದ ಜೈಲಿ ಅಮದು ಅಮಾಲ್ ಎಂಬ ಲೇಖಕಿಯದು. ಗೊಂಕೂರ್ ಮಂಡಲಿಯ ಕೊನೆಯ ಪಟ್ಟಿಯಲ್ಲಿಯೂ ಅದು ಇತ್ತು. ಆದರೆ ಮಂಡಲಿಯು ಬೇರೊಂದನ್ನು ಆರಿಸಿತು. ಆ ದೇಶದ ಉತ್ತರ ಭಾಗದಲ್ಲಿ ಇಷ್ಟವಿಲ್ಲದ ಮದುವೆಗೂ ಸವತಿಯರ ಸಂಸಾರಕ್ಕೂ ಸಿಕ್ಕಿದ ಮೂವರು ಹೆಂಗಸರ ಕಥೆಯದು. ಲೇಖಕಿಯೂ ಹದಿನೇಳನೆಯ ವಯಸ್ಸಿನಲ್ಲಿ ಬಲವಂತದ ಮದುವೆಗೆ ಗುರಿಯಾದವರು. ಗ್ರಂಥವು ಮೊದಲು ಅವರ ದೇಶದಲ್ಲಿ 2017ರಲ್ಲಿ ಪ್ರಕಟವಾದಾಗ ಅದರ ಹೆಸರಿನಲ್ಲಿ ‘ಮುನ್ಯಾಲ್’ ಎಂಬ ಮಾತಿತ್ತು. ಅವರ ನುಡಿಯಲ್ಲಿ ಅದಕ್ಕೆ ತಾಳ್ಮೆಯೆಂದು ಅರ್ಥ. ಮದುವಣಗಿತ್ತಿಗೆ ಹಿರಿಯರು ಮತ್ತೆ ಮತ್ತೆ ಹೇಳುವ ಬುದ್ಧಿಮಾತು ಅದೇ: ತಾಳಿಕೋ, ತಾಳಿಕೋ. ತಾಳಿದವನು ಬಾಳಿಯಾನೆಂಬ ಗಾದೆಯನ್ನು ಕೇಳಿ ಬೆಳೆದ ನಮಗೆ ಈ ಮಾತು ಅಪರಿಚಿತವಲ್ಲ. ತಾಳ್ಮೆಯು ಸದ್ಗುಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಯಾವುದನ್ನು ತಾಳಬೇಕು, ಯಾವುದನ್ನು ತಾಳಬಾರದು ಎಂದು ತೀರ್ಮಾನಿಸುವ ಶಕ್ತಿಯಿಲ್ಲದ ತಾಳ್ಮೆಗೆ ಬೇರೆ ಹೆಸರುಂಟು. ಫ್ರಾನ್ಸಿನ ಲಿಸೆಗಳ ಹುಡುಗ ಹುಡುಗಿಯರು ತಮ್ಮ ವಯಸ್ಸಿನ ಹುಡುಗಿಯ ಈ ಕಥೆಯನ್ನು ಓದಿ, ವಾದಿಸಿ, ತಮ್ಮ ಬಹುಮಾನವನ್ನು ಅದಕ್ಕೆ ಕೊಟ್ಟರು. ಅವರಲ್ಲಿ ಬಹುಮಂದಿಗೆ ಇನ್ನೂ ಚುನಾವಣೆಯ ಮತವಿರಲಿಲ್ಲ. ಫ್ರಾನ್ಸಿನಲ್ಲಿ ಅದು ಹದಿನೆಂಟು ತುಂಬಿದವರಿಗೆ ಮಾತ್ರ. ಮತದ ವಯಸ್ಸು ಬರುವ ಮೊದಲೇ ಅವರು ಒಂದು ಒಳ್ಳೆಯ ಮತವನ್ನು ಕೊಟ್ಟಿದ್ದರು.

ಈ ಪದ್ಧತಿಯು ಫ್ರಾನ್ಸಿನಲ್ಲಿಯೇ ನಿಂತಿಲ್ಲ. 1998ರಲ್ಲಿ ಪೋಲೆಂಡ್ ದೇಶದಲ್ಲಿ ಫ್ರೆಂಚ್ ಭಾಷೆಯನ್ನು ಕಲಿಯುವ ವಿದ್ಯಾರ್ಥಿಗಳು ಗೊಂಕೂರ್ ಪಟ್ಟಿಯ ಗ್ರಂಥಗಳನ್ನು ಓದಿ ತಮ್ಮದೇ ಆಯ್ಕೆಯನ್ನು ಮಾಡತೊಡಗಿದರು. ಅಲ್ಲಿಂದ ಅದು ಅನೇಕ ದೇಶಗಳಿಗೆ ಹರಡಿ, ಭಾರತದಲ್ಲಿ ಫ್ರೆಂಚ್ ಕಲಿಯುವ ವಿದ್ಯಾರ್ಥಿಗಳ ವರೆಗೂ ಬಂದಿದೆ.

ಇಷ್ಟೆಲ್ಲವನ್ನು ಓದಿದ ನಮ್ಮ ವಾಚಕಿಯರು ಕೇಳಬಹುದು: ಇದರಿಂದ ನಮಗೇನು? ನಮ್ಮ ಪರೀಕ್ಷೆಗಳ ಪ್ರಶ್ನೆಪತ್ರಿಕೆಯನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿರಿ. ‘ಸಂದರ್ಭದೊಡನೆ ಸ್ವಾರಸ್ಯವನ್ನು ವಿವರಿಸಿರಿ’ ಎಂದು ಅದರಲ್ಲಿ ಇರುತ್ತದೆ. ಸ್ವಾರಸ್ಯವುಂಟೆಂಬುದನ್ನು ಬೇರೆಯವರು ಮೊದಲೇ ತೀರ್ಮಾನ ಮಾಡಿಟ್ಟಿರುತ್ತಾರೆ. ಅದನ್ನು ವಿವರಿಸುವುದಷ್ಟೇ ನಮ್ಮ ಪಾಲಿಗೆ ಉಳಿದ ಕೆಲಸ. ಸ್ವಾರಸ್ಯವುಂಟೋ ಇಲ್ಲವೋ, ಉಂಟಾದರೆ ನಿನಗೆ ಎಲ್ಲಿ ಕಂಡಿತು, ಕಾಣಲಿಲ್ಲವಾದರೆ ಏಕೆ ಎಂದು ಕೇಳುವ ಪ್ರಶ್ನೆಪತ್ರಿಕೆಯನ್ನು ನಾವಂತೂ ಕಾಣೆವು. ಆ ಪ್ರಶ್ನೆಗೆ ಅಂಕ ಕೊಡುವುದು ಕಷ್ಟವಾದುದರಿಂದ ಕೇಳದೆ ಇದ್ದಾರು. ಆದರೆ ಅಂಕವಿಲ್ಲದ ಪ್ರಶ್ನೆಯನ್ನು ಕೇಳಬಾರದೆಂದು ಯಾವ ನಿಯಮವೂ ಇಲ್ಲ. ಮನೆಗಳಲ್ಲಿಯೂ ಇದೇ ಸ್ಥಿತಿ. ಹುಡುಗಿಯು ಯಾವ ಪುಸ್ತಕವನ್ನು ಓದಬಾರದೆಂದು ಹೇಳುವವರು ಬಹುಮಂದಿ. ಓದಿದ ಪುಸ್ತಕವು ಹೇಗಿತ್ತೆಂದು ಕೇಳುವವರು ಕೆಲವರು.

ಇದನ್ನು ಸರಿಪಡಿಸಲು ಹಣವೂ ಬೇಕಿಲ್ಲ, ಭೋಜನಶಾಲೆಯೂ ಬೇಕಿಲ್ಲ. ಒಂದು ತರಗತಿಯ ಹುಡುಗಿಯರು ಗ್ರಂಥಭಂಡಾರದಿಂದ ಐದು ಕಾದಂಬರಿಗಳನ್ನು ತೆಗೆದುಕೊಂಡು, ಒಬ್ಬರ ಕೈಯಿಂದೊಬ್ಬರು ಪಡೆದು ಒಂದು ಅವಧಿಯೊಳಗೆ ಓದಿ, ಒಂದು ಶನಿವಾರದ ಮಧ್ಯಾಹ್ನ ಕುಳಿತು ಕಾರಣಗಳೊಡನೆ ಚರ್ಚಿಸಿ, ಚೀಟಿ ಹಾಕಿ ಒಂದನ್ನು ಆರಿಸಿದರೆ ಸಾಕು. ಉಪಾಧ್ಯಾಯಿನಿಯವರು ಆ ಹೊತ್ತು ಹಿಂದಿನ ಬೆಂಚಿನಲ್ಲಿ ಕುಳಿತು ಮೌನವಾಗಿರಬೇಕು. ಇದೇ ಎ​ಲ್ಲಕ್ಕಿಂತಲೂ ಕಷ್ಟವಾದ ನಿಯಮವೆಂದು ನಾವು ಬಲ್ಲೆವು. ಆರಿಸಿದ ಗ್ರಂಥವು ತಪ್ಪಾದರೂ ಚಿಂತೆಯಿಲ್ಲ. ಮರುವರ್ಷ ಅವರೇ ಅದನ್ನು ಕಂಡುಕೊಂಡಾರು. ಗ್ರಂಥಕರ್ತರಿಗೆ ಒಂದು ಕಾಗದವನ್ನು ಬರೆದು ತಮ್ಮ ತೀರ್ಪನ್ನೂ ಅದರ ಕಾರಣಗಳನ್ನೂ ತಿಳಿಸಿದರೆ ಅವರಿಗೂ ಸಂತೋಷವಾಗದೆ ಇರದು. ನಮ್ಮ ನಾಡಿನ ಬರಹಗಾರರಿಗೆ ಪಂಡಿತರ ಹಾರಗಳು ಬೇಕಾದಷ್ಟು ಬಂದಿವೆ. ಪೂರ್ತಿಯಾಗಿ ಓದಿದ ಒಬ್ಬ ಹುಡುಗಿಯ ಪತ್ರ ಬಂದಿರುವುದು ಅಪರೂಪ.

ಓದಲು ಕಲಿಸಿದ್ದಾಯಿತು, ಓದಿದುದನ್ನು ಒಪ್ಪಿಸಲು ಕಲಿಸಿದ್ದೂ ಆಯಿತು. ಓದಿದುದರ ಮೇಲೆ ತನ್ನ ಮಾತನ್ನು ಹೇಳಲು, ಹೇಳಿದ ಮಾತಿಗೆ ಕಾರಣ ಕೊಡಲು ಕಲಿಸುವುದು ಬಾಕಿಯಿದೆ. ಆ ಬಾಕಿಯನ್ನು ತೀರಿಸುವ ಕೆಲಸವು ಮುಂದಿನ ವರ್ಷದ ಸಂಚಿಕೆ ಹೊರಡುವಷ್ಟರಲ್ಲಿ ಒಂದು ತರಗತಿಯಲ್ಲಾದರೂ ಆರಂಭವಾಗಲಿ, ಆ ತರಗತಿಯ ತೀರ್ಪನ್ನು ಇದೇ ಪುಟಗಳಲ್ಲಿ ಓದುವ ಭಾಗ್ಯವು ನಮಗೆ ದೊರೆಯಲಿ ಎಂದು ಹಾರೈಸಿ ವಿರಮಿಸುತ್ತೇವೆ.